ಬಳ್ಳಾರಿ ದಾರಿಯಲ್ಲೇ ಇತ್ತು

ಊರಿಗೆ ಹೊರಡೋ ಮುಂಚೆ ನಾವೆಲ್ಲ ಹುಡುಕೋದು ಒಂದೇ: ಡೈರೆಕ್ಟ್ ಫ್ಲೈಟ್ ಇದೆಯಾ? ಮುಂಬೈನಿಂದ ಬಳ್ಳಾರಿಗೆ 1932ರಲ್ಲೇ ಇತ್ತು! ಆದ್ರೆ ಅದು ಟಪಾಲಿಗೆ.

ಆ ವರ್ಷ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ಅನ್ನೋ ಒಂಟಿ ಇಂಜಿನ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೂಲಕ ಜುಹುಗೆ ಬಂದಿಳಿದರು. ಅಲ್ಲಿಂದ ಮದ್ರಾಸಿಗೆ ಟಪಾಲು ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ನಡುವಿನ ನಿಲ್ದಾಣ ಬಳ್ಳಾರಿ.

ಬಳ್ಳಾರಿಯೇ ಯಾಕೆ? ಸಣ್ಣ ವಿಮಾನ, ನಡುವೆ ಇಳಿದು ಇಂಧನ ತುಂಬಿಸಲೇಬೇಕು. ಅಕ್ಷಾಂಶ ರೇಖಾಂಶ ಹಾಕಿ ನಾನೇ ಲೆಕ್ಕ ಮಾಡಿ ನೋಡ್ದೆ: ಮುಂಬೈ–ಬಳ್ಳಾರಿ ಸುಮಾರು 610 ಕಿ.ಮೀ., ಬಳ್ಳಾರಿ–ಚೆನ್ನೈ ಸುಮಾರು 430. ನೇರ ಹಾರಿದ್ರೂ ಹೆಚ್ಚುಕಮ್ಮಿ 1,035. ಅಂದ್ರೆ ಬಳ್ಳಾರಿಗೆ ಇಳಿದು ಹೋದ್ರೆ ಸುತ್ತು ಹತ್ತು ಕಿಲೋಮೀಟರೂ ಇಲ್ಲ!

ಸರ್ಕಾರದ ಸಬ್ಸಿಡಿ ಇರಲಿಲ್ಲ. ಹೊತ್ತ ಟಪಾಲಿನ ತೂಕಕ್ಕೆ ತಕ್ಕಷ್ಟೇ ಹಣ. ಮುಂದೆ ವಿಮಾನಗಳು ದೊಡ್ಡವಾದವು, ಮುಂಬೈ–ಚೆನ್ನೈ ಒಂದೇ ಜಿಗಿತ ಆಯ್ತು. ನಡುವೆ ಇಳಿಯೋ ಅಗತ್ಯವೇ ಉಳಿಯಲಿಲ್ಲ.

2017ರ ಸೆಪ್ಟೆಂಬರಿನಲ್ಲಿ ಉಡಾನ್ ಯೋಜನೆಯಡಿ ತೋರಣಗಲ್ಲಿನ ವಿದ್ಯಾನಗರಕ್ಕೂ ಹೈದರಾಬಾದಿಗೂ ವಿಮಾನ ಶುರುವಾಯ್ತು, ಸುಮಾರು 300 ಕಿ.ಮೀ. ಈ ಯೋಜನೆಯಲ್ಲಿ ನಷ್ಟ ತುಂಬಿಕೊಡೋ ವ್ಯವಸ್ಥೆ ಇದೆ, ಆದ್ರೆ ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಆಮೇಲೆ ಸೀಟು ತುಂಬಬೇಕು.

ದೂರ ಅಷ್ಟೇ ಇರುತ್ತೆ. ಮಾರ್ಗ ಉಳಿಯೋದು ಹೊರೆಯಿಂದ. ಅಂದು ಆ ಹೊರೆ ಕಾಗದ. ಇಂದು ನಾವು, ಹಬ್ಬ ಬಂದಾಗ ಮಾತ್ರ ಟಿಕೆಟ್ ಹುಡುಕೋ ನಾವು.