ಪ್ರಣಯ ಕಾದಂಬರಿ, ಕಿರುತೆರೆ ಮತ್ತು ಪ್ರೇಕ್ಷಕ: ಒಂದು ಚಾರಿತ್ರಿಕ ವಿವೇಚನೆ

ಸಾಹಿತ್ಯಚರಿತ್ರೆಯನ್ನು ಬರೆಯುವವರು ಕವಿಯ ಕಾಲದೇಶಗಳನ್ನು ನಿರ್ಣಯಿಸಲು ಪಡುವ ಶ್ರಮದಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಆ ಕೃತಿಯನ್ನು ಓದಿದವರ, ನೋಡಿದವರ ವಿಷಯದಲ್ಲಿ ವಹಿಸಿರುವುದು ಅಪೂರ್ವ. ನಮ್ಮ ಪ್ರಾಚೀನರಲ್ಲಿ ಈ ಔದಾಸೀನ್ಯವಿರಲಿಲ್ಲ. ನಾಟ್ಯಪ್ರಯೋಗದ ಸಿದ್ಧಿಯನ್ನು ಕುರಿತು ಭರತನ ನಾಟ್ಯಶಾಸ್ತ್ರದಲ್ಲಿ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ಪ್ರೇಕ್ಷಕನು ಮುಗುಳ್ನಕ್ಕನೆ, ಗಹಗಹಿಸಿ ನಕ್ಕನೆ, 'ಸಾಧು' ಎಂದನೆ, 'ಕಷ್ಟ' ಎಂದು ಮರುಗಿದನೆ, ರೋಮಾಂಚಗೊಂಡನೆ, ಪೀಠದಿಂದ ಎದ್ದು ನಿಂತನೆ, ವಸ್ತ್ರವನ್ನೋ ಉಂಗುರವನ್ನೋ ರಂಗದತ್ತ ಎಸೆದನೆ ಎಂಬುದೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ರಂಗಮಂದಿರವನ್ನು ಬಿಟ್ಟು ಮನೆಯ ನಡುಮನೆಗೆ ಬಂದ ಪ್ರಯೋಗದಲ್ಲಿ ಈ ಲೆಕ್ಕವನ್ನು ಇಡುವವರು ಯಾರು? ಪ್ರಕೃತ ಲೇಖನ ಈ ಪ್ರಶ್ನೆಯಿಂದ ಹೊರಟಿದೆ.

ಮೊದಲಿಗೆ ವಿಷಯದ ಮೇರೆಯನ್ನು ಗುರುತಿಸಿಕೊಳ್ಳುವುದು ಅವಶ್ಯಕ. ಇಂಗ್ಲೆಂಡಿನಲ್ಲಿ ಪ್ರಸಿದ್ಧ ಪ್ರಣಯ ಕಾದಂಬರಿಯನ್ನು ನೇರವಾಗಿ ದೂರದರ್ಶನಕ್ಕೆಂದೇ ಧಾರಾವಾಹಿಯಾಗಿ ರೂಪಿಸುವ ಸಂಪ್ರದಾಯ ಬಲವಾಗಿ ಬೆಳೆದಿದೆ. ಕನ್ನಡದಲ್ಲಿ ನಡೆದದ್ದು ಬಹುಮಟ್ಟಿಗೆ ಬೇರೆ. ಇಲ್ಲಿ ಕಾದಂಬರಿ ಮೊದಲು ಚಲನಚಿತ್ರವಾಯಿತು. ಹತ್ತು ಹದಿನೈದು ವರ್ಷಗಳ ತರುವಾಯ ಆ ಚಿತ್ರವೇ ಕಿರುತೆರೆಯ ಮೂಲಕ ಮನೆಯೊಳಕ್ಕೆ ಬಂದಿತು. ನಮ್ಮ ಪ್ರೇಕ್ಷಕನು ಕಂಡದ್ದು ರೂಪಾಂತರದ ರೂಪಾಂತರವನ್ನು. ಅವನ ಪ್ರತಿಕ್ರಿಯೆಯನ್ನು, ವಸ್ತುತಃ ಆಕೆಯ ಪ್ರತಿಕ್ರಿಯೆಯನ್ನು, ವಿವೇಚಿಸುವಾಗ ಈ ಸಂಗತಿಯನ್ನು ಮರೆಯಲಾಗದು.

ಬೆಂಗಳೂರಿನ ಉತ್ತರಕ್ಕೆ, ನೆಲಮಂಗಲದ ಸಮೀಪದ ಸೋಲದೇವನಹಳ್ಳಿಯ ಹೆಸರು ಈ ಚರಿತ್ರೆಯಲ್ಲಿ ಅನಿರೀಕ್ಷಿತವಾಗಿ ಬರುತ್ತದೆ. ನಟಿ ಲೀಲಾವತಿಯವರು ತಮ್ಮ ಬಾಳಿನ ಕೊನೆಯ ಭಾಗವನ್ನು ಕಳೆದದ್ದು ಅಲ್ಲಿಯ ತೋಟದಲ್ಲಿ. ಊರವರಿಗಾಗಿ ಆಸ್ಪತ್ರೆಯನ್ನು ಕಟ್ಟಿಸಿದ್ದೂ ಅಲ್ಲಿಯೇ. ಕೃಷ್ಣಮೂರ್ತಿ ಪುರಾಣಿಕರ 'ಧರ್ಮದೇವತೆ'ಯನ್ನು ಆಧರಿಸಿ 1962ರಲ್ಲಿ ಬಂದ 'ಕರುಣೆಯೇ ಕುಟುಂಬದ ಕಣ್ಣು', ಅವರದೇ 'ಕುಲವಧು'ವನ್ನು ಆಧರಿಸಿ 1963ರಲ್ಲಿ ಅದೇ ಹೆಸರಿನಿಂದ ಬಂದ ಚಿತ್ರ, ಇವೆರಡೂ ಟಿ. ವಿ. ಸಿಂಗ್ ಠಾಕೂರ್ ಅವರ ನಿರ್ದೇಶನದವು. ಎರಡರಲ್ಲಿಯೂ ರಾಜಕುಮಾರ್ ಅವರೊಡನೆ ನಾಯಿಕೆಯಾಗಿ ಅಭಿನಯಿಸಿದವರು ಲೀಲಾವತಿ. ಪೌರಾಣಿಕ, ಐತಿಹಾಸಿಕ ಕಥೆಗಳೇ ಪ್ರಧಾನವಾಗಿದ್ದ ಕನ್ನಡ ಚಿತ್ರರಂಗ ಸಮಕಾಲೀನ ಕಾದಂಬರಿಯತ್ತ ಹೊರಳಿದ ಹಾದಿಯಲ್ಲಿ ಇವು ಮೊದಲ ಹೆಜ್ಜೆಗಳು. 1969ರಲ್ಲಿ ಎಂ. ಕೆ. ಇಂದಿರಾ ಅವರ 'ಗೆಜ್ಜೆಪೂಜೆ' ಪುಟ್ಟಣ್ಣ ಕಣಗಾಲರ ಕೈಯಲ್ಲಿ ಚಿತ್ರವಾದಾಗ ಅದೇ ಲೀಲಾವತಿ ನಾಯಿಕೆಯ ತಾಯಿಯಾಗಿದ್ದರು. ಚಿತ್ರಮಂದಿರದ ಪ್ರೇಕ್ಷಕನಿಗೆ ಈ ಎರಡು ವೇಷಗಳ ನಡುವೆ ಆರು ವರ್ಷಗಳ ಅಂತರವಿತ್ತು. ಕಿರುತೆರೆಯಲ್ಲಾದರೋ ಚಿತ್ರಗಳು ಕಾಲಕ್ರಮವನ್ನು ಅನುಸರಿಸಿ ಬರುವುದಿಲ್ಲ. ಈ ವಾರ ತಾಯಿಯಾಗಿ ಕಂಡವಳು ಬರುವ ವಾರ ನವವಧುವಾಗಿ ಕಾಣಬಹುದು. ಕಾಲದ ಈ ಕಲಸುಮೇಲೋಗರವೇ ಕಿರುತೆರೆಯ ಪ್ರೇಕ್ಷಕನ ಅನುಭವದ ಮೊದಲ ವೈಶಿಷ್ಟ್ಯವೆಂದು ನನಗೆ ತೋರುತ್ತದೆ.

ಇನ್ನು ಕಾದಂಬರಿಯ ಓದುಗರ ವಿಷಯ. 1950 ಮತ್ತು 1960ರ ದಶಕಗಳಲ್ಲಿ ಬೆಂಗಳೂರು ಮೈಸೂರುಗಳಲ್ಲಿ ದಿನಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಕಾದಂಬರಿಯನ್ನು ಗೃಹಿಣಿಯರ ಕೈಗೆ ತಲುಪಿಸಿದವು. ವಾರಪತ್ರಿಕೆಗಳ ಧಾರಾವಾಹಿಗಳು ಆ ಅಭ್ಯಾಸವನ್ನು ಬೆಳೆಸಿದವು. ಪುಸ್ತಕವನ್ನು ತರಿಸುತ್ತಿದ್ದುದು ಮನೆಯ ಹುಡುಗರಿಂದ; ಓದುತ್ತಿದ್ದುದು ಮಧ್ಯಾಹ್ನ, ಅಡುಗೆಮನೆಯ ಕೆಲಸ ಮುಗಿದ ಮೇಲೆ. ಹಲವು ಮನೆಗಳಲ್ಲಿ ಒಬ್ಬರು ಓದಿದರೆ ನಾಲ್ವರು ಕೇಳುವ ಪದ್ಧತಿಯೂ ಇತ್ತು. ಈ ಓದುಗರ ಹೃದಯವನ್ನು ಎಲ್ಲರಿಗಿಂತ ಆಳವಾಗಿ ಮುಟ್ಟಿದವರು ತ್ರಿವೇಣಿ (1928-1963). ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದ್ದ ಆಕೆ ಹೆಣ್ಣಿನ ಮನಸ್ಸಿನೊಳಗೆ ನಡೆಯುವ ಘಟನೆಗಳನ್ನೇ ಕಥೆಯ ಮುಖ್ಯ ಘಟನೆಗಳನ್ನಾಗಿ ಮಾಡಿದರು. ಅವರ 'ಬೆಳ್ಳಿಮೋಡ' 1967ರಲ್ಲಿ, 'ಹಣ್ಣೆಲೆ ಚಿಗುರಿದಾಗ' 1968ರಲ್ಲಿ, 'ಶರಪಂಜರ' ಅದರ ತರುವಾಯ ಚಲನಚಿತ್ರಗಳಾದವು. ಒಂದನ್ನು ನೋಡುವುದಕ್ಕೂ ಲೇಖಕಿ ಉಳಿದಿರಲಿಲ್ಲ.

ತಮ್ಮ ಕೃತಿಯ ಚಿತ್ರರೂಪವನ್ನು ಕಂಡ ಲೇಖಕರ ಪ್ರತಿಕ್ರಿಯೆ ನಮಗೆ ತಿಳಿದಿರುವ ಸಂದರ್ಭಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ತ. ರಾ. ಸುಬ್ಬರಾಯರದು. ಅವರ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣನವರು 1972ರಲ್ಲಿ 'ನಾಗರಹಾವು' ಚಿತ್ರವನ್ನು ತೆಗೆದರು. ಜನ ಅದನ್ನು ತಲೆಯ ಮೇಲೆ ಹೊತ್ತುಕೊಂಡರು. ಲೇಖಕರಿಗೆ ಮಾತ್ರ ತಮ್ಮ ನಾಗರಹಾವು ಕೇರೆಹಾವಾಯಿತೆಂಬ ಅಸಮಾಧಾನ ಉಳಿಯಿತೆಂಬುದು ಜನಜನಿತವಾದ ಮಾತು. ಮೂಲಕ್ಕೆ ನಿಷ್ಠೆ ಎಂಬ ವಾದ ನಮ್ಮ ವಿಮರ್ಶೆಯಲ್ಲಿ ಬೇರೂರುವುದಕ್ಕೆ ಇಂಥ ಪ್ರಸಂಗಗಳು ಕಾರಣವಾದವು. ಚಿತ್ರ ಮೂಲಕ್ಕೆ ಎಷ್ಟು ಹತ್ತಿರ, ಎಷ್ಟು ದೂರ ಎಂದು ಅಳೆಯುವುದೇ ವಿಮರ್ಶೆಯೆಂಬ ಭಾವನೆ ಇಂದಿಗೂ ಕಾಲೇಜಿನ ತರಗತಿಗಳಲ್ಲಿ ಕಾಣುತ್ತದೆ. ಕಿರುತೆರೆಯ ಮುಂದೆ ಕುಳಿತವರು ಅಳೆದದ್ದು ಇದನ್ನೇ ಎಂದು ನಾವು ಭಾವಿಸಿದರೆ ತಪ್ಪಾಗುತ್ತದೆ.

ಕರ್ಣಾಟಕದ ಹಳ್ಳಿಗೆ ದೂರದರ್ಶನ ಮೊದಲು ಬಂದದ್ದು ಪ್ರಣಯಕಥೆಯನ್ನು ಹೇಳುವುದಕ್ಕಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶೈಕ್ಷಣಿಕ ಪ್ರಸಾರ ನಡೆದಾಗ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ವ್ಯವಸಾಯ, ಆರೋಗ್ಯಗಳನ್ನು ಕುರಿತ ಆ ಕಾರ್ಯಕ್ರಮಗಳನ್ನು ಜನ ಹೇಗೆ ಸ್ವೀಕರಿಸಿದರೆಂಬುದನ್ನು ತಿಳಿಯಲು ಸಂಶೋಧಕರು ಹಳ್ಳಿಗಳಲ್ಲಿ ಬಿಡಾರ ಹೂಡಿ ಅಧ್ಯಯನ ಮಾಡಿದರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ವಾರಕ್ಕೊಂದು ಕನ್ನಡ ಚಿತ್ರ ಮನೆಗೆ ಬರತೊಡಗಿದ ಮೇಲೆ ಪ್ರೇಕ್ಷಕನ ಮಾತನ್ನು ಬರೆದುಕೊಳ್ಳಲು ಅಂಥ ಸಂಶೋಧಕರ ಬಿಡಾರವೇನೂ ನಡುಮನೆಯಲ್ಲಿರಲಿಲ್ಲ. ಹಿಂದಿಯ 'ಹಮ್ ಲೋಗ್' ಧಾರಾವಾಹಿಗೆ 1984-85ರಲ್ಲಿ ಸುಮಾರು 4 ಲಕ್ಷ ಪತ್ರಗಳು ಬಂದವೆಂದು ಅದನ್ನು ಅಭ್ಯಸಿಸಿದ ವಿದ್ವಾಂಸರು ಅಂದಾಜು ಮಾಡಿದ್ದಾರೆ. ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಅವರು ಕಾಣಿಸಿಕೊಂಡು ನೋಡುಗರನ್ನು ಉದ್ದೇಶಿಸಿ ಮಾತನಾಡುತ್ತಿದ್ದುದರಿಂದ ನೋಡುಗರೂ ಉತ್ತರ ಬರೆದರು. ಹಳೆಯ ಚಲನಚಿತ್ರವಾದರೋ ಯಾರನ್ನೂ ಏನನ್ನೂ ಕೇಳುವುದಿಲ್ಲ. ಅದನ್ನು ಕುರಿತ ಮಾತು ಪಕ್ಕದಲ್ಲಿ ಕುಳಿತವರೊಡನೆ ಆಡಿ ಮುಗಿಯುತ್ತದೆ.

ಆ ಮಾತಿನ ಮಾದರಿಯೊಂದನ್ನು ನನ್ನ ನೆನಪಿನಿಂದಲೇ ಕೊಡುತ್ತೇನೆ. ಒಬ್ಬನ ನೆನಪಿಗೆ ಎಷ್ಟು ಪ್ರಾಮಾಣ್ಯವಿದೆಯೋ ಅದಕ್ಕೂ ಅಷ್ಟೇ. 1980ರ ದಶಕದ ನಡುವೆ, ಚಿಕ್ಕಬಾಣಾವರದ ಕಡೆಯ ಒಂದು ಹಳ್ಳಿಯಲ್ಲಿ ನನ್ನ ದೊಡ್ಡಮ್ಮನ ಮನೆ. ಬೀದಿಗೆ ಅದೊಂದೇ ಟೀವಿ, ಕಪ್ಪುಬಿಳುಪಿನದು. 'ಶರಪಂಜರ' ವರ್ಣಚಿತ್ರ, ಆ ಪೆಟ್ಟಿಗೆಯಲ್ಲಿ ಅದರ ಬಣ್ಣವೆಲ್ಲ ಬೂದಿಯಾಗಿತ್ತು. ಮಂಚದ ಮೇಲೆ ಹಿರಿಯರು, ಚಾಪೆಯ ಮೇಲೆ ಹೆಂಗಸರು, ಹೊಸಿಲ ಮೇಲೆ ನಾವು ಹುಡುಗರು. ನಡುವೆ ವಾರ್ತೆಗೆಂದು ಚಿತ್ರ ನಿಂತಿತು. ಹೆಂಗಸರು ಎದ್ದು ಒಲೆಯನ್ನು ನೋಡಿಕೊಂಡು ಬಂದರು. ದೊಡ್ಡಮ್ಮ ತ್ರಿವೇಣಿಯವರ ಪುಸ್ತಕಗಳನ್ನೆಲ್ಲ ಓದಿದ್ದವರು. ಅವರು 'ಪುಸ್ತಕದಲ್ಲಿ ಓದಿದಾಗ ಹೀಗನ್ನಿಸಿರಲಿಲ್ಲ' ಎಂದು ಎರಡು ಮೂರು ಬಾರಿ ಹೇಳಿದರು. ಪಕ್ಕದ ಮನೆಯ ಅಜ್ಜಿಗೆ ಅಕ್ಷರ ಬಾರದು. ಆಕೆ ಕೊನೆಗೆ ತಡೆಯಲಾರದೆ, 'ಪುಸ್ತಕದಾಗೆ ಏನಾರ ಇರ್ಲಿ ಕಣವ್ವ, ಆ ಗಂಡನ್ನ ಕೇಳೋರು ಒಬ್ರೂ ಇಲ್ವಾ?' ಎಂದರು. ದೊಡ್ಡಮ್ಮ ಸುಮ್ಮನಾದರು. ಮಂಚದ ಮೇಲಿನ ಹಿರಿಯರೂ ಮಾತನಾಡಲಿಲ್ಲ.

ಕಥೆಯನ್ನು ಬಲ್ಲವರಿಗೆ ಆ ಪ್ರಶ್ನೆಯ ಬಲ ತಿಳಿಯುತ್ತದೆ. ಪ್ರೀತಿಸಿ ಮದುವೆಯಾದ ಕಾವೇರಿಗೆ ಹೆರಿಗೆಯ ಅನಂತರ ಚಿತ್ತಸ್ವಾಸ್ಥ್ಯ ಕೆಡುತ್ತದೆ. ಚಿಕಿತ್ಸೆ ಪಡೆದು ಗುಣವಾಗಿ ಬಂದವಳನ್ನು ಮನೆಯಾಗಲಿ ನೆರೆಹೊರೆಯಾಗಲಿ ಗುಣವಾದವಳೆಂದು ಒಪ್ಪುವುದಿಲ್ಲ. ಗಂಡನ ಮನಸ್ಸು ಅಷ್ಟರೊಳಗೆ ಬೇರೊಬ್ಬಳತ್ತ ಹರಿದಿದೆ. ಓದಿದವರ ಆಕ್ಷೇಪ ಕೃತಿಗೆ ಸಂಬಂಧಿಸಿದ್ದು. ಓದದವರ ಆಕ್ಷೇಪ ನ್ಯಾಯಕ್ಕೆ ಸಂಬಂಧಿಸಿದ್ದು. ಈ ಎರಡನ್ನು ಮೇಲು ಕೀಳೆಂದು ವಿಂಗಡಿಸುವುದು ಸುಲಭವಾದರೂ ಸರಿಯಲ್ಲ. ತ್ರಿವೇಣಿಯವರ ಕಾದಂಬರಿ ಎತ್ತಿದ ಪ್ರಶ್ನೆಯೂ ಅಜ್ಜಿಯ ಪ್ರಶ್ನೆಯೇ ಆಗಿತ್ತಲ್ಲವೆ? ಮೂಲವನ್ನು ಓದದೆಯೇ ಆಕೆ ಮೂಲದ ಹತ್ತಿರಕ್ಕೆ ಹೋಗಿದ್ದರು. 'ಬೆಳ್ಳಿಮೋಡ'ದ ವಿಷಯದಲ್ಲಿಯೂ ಹೀಗೆಯೇ. ಆಸ್ತಿಗೆ ಹಕ್ಕುದಾರನಾಗಿ ತಮ್ಮನು ಹುಟ್ಟಿದನೆಂದು ಮದುವೆಯ ಮಾತನ್ನು ಮುರಿದ ಮೋಹನನು ತರುವಾಯ ಮನಸ್ಸು ಬದಲಿಸಿದಾಗ ಇಂದಿರಾ ಅವನನ್ನು ಒಲ್ಲೆನೆನ್ನುತ್ತಾಳೆ. ಪ್ರಣಯಕಥೆ ಮಿಲನದಲ್ಲಿ ಮುಗಿಯಬೇಕೆಂಬುದು ಸಾಮಾನ್ಯ ನಿರೀಕ್ಷೆ. ಇಲ್ಲಿ ಅದು ನಿರಾಕರಣೆಯಲ್ಲಿ ಮುಗಿಯುತ್ತದೆ. ಗಂಡಸರೂ ಹೆಂಗಸರೂ ಒಟ್ಟಿಗೆ ಕುಳಿತು ನೋಡುವ ಮನೆಯಲ್ಲಿ ಆ ನಿರಾಕರಣೆ ಚರ್ಚೆಯ ವಿಷಯವಾಗದೆ ಇರಲಾರದು. ಚಿತ್ರಮಂದಿರದ ಕತ್ತಲಲ್ಲಿ ಒಬ್ಬೊಬ್ಬರೂ ತಮ್ಮೊಳಗೆ ಅಳುತ್ತಾರೆ. ದೀಪವಿರುವ ನಡುಮನೆಯಲ್ಲಿ ಅತ್ತೆಯ ಎದುರಿಗೆ ಸೊಸೆ ಅಳಬೇಕಾಗುತ್ತದೆ. ಪ್ರತಿಕ್ರಿಯೆಯ ಚರಿತ್ರೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಕಾವೇರಿಯಾಗಿಯೂ ಇಂದಿರೆಯಾಗಿಯೂ ಅಭಿನಯಿಸಿದ ಕಲ್ಪನಾ 1979ರಲ್ಲಿಯೇ ತೀರಿಕೊಂಡಿದ್ದರು. ಬೆಂಗಳೂರು ಕೇಂದ್ರದ ಪ್ರೇಕ್ಷಕರು ನೋಡಿದ್ದು ಇಲ್ಲವಾದ ಲೇಖಕಿಯ ಕಥೆಯಲ್ಲಿ ಇಲ್ಲವಾದ ನಟಿಯನ್ನು. ಪಾತ್ರದ ದುಃಖವನ್ನೂ ನಟಿಯ ಮರಣವನ್ನೂ ಬೇರ್ಪಡಿಸಿ ನೋಡುವುದು ಅವರಿಗೆ ಸಾಧ್ಯವಿರಲಿಲ್ಲ. ಸಾಧಾರಣೀಕರಣವೆಂದು ಆಲಂಕಾರಿಕರು ಕರೆದದ್ದಕ್ಕೆ ಇದು ಅಡ್ಡಿಯೆ, ಸಹಾಯಕವೆ ಎಂಬುದು ಕಾವ್ಯಮೀಮಾಂಸೆಯ ಅಧ್ಯಾಪಕರು ಚರ್ಚಿಸಬಹುದಾದ ವಿಷಯ.

ಹೊರನಾಡುಗಳ ಒಂದು ನಿದರ್ಶನದಿಂದ ನಮ್ಮ ಸ್ಥಿತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಜೇನ್ ಆಸ್ಟಿನ್ನಳ 'ಪ್ರೈಡ್ ಅಂಡ್ ಪ್ರೆಜುಡಿಸ್' 1813ರ ಕೃತಿ. 1995ರಲ್ಲಿ ಬಿ.ಬಿ.ಸಿ. ಅದನ್ನು ಆರು ಕಂತುಗಳಲ್ಲಿ ಪ್ರಸಾರ ಮಾಡಿದಾಗ ನೋಡುಗರ ಮನಸ್ಸಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು ಡಾರ್ಸಿಯು ಕೊಳದಿಂದೆದ್ದು ಒದ್ದೆ ಅಂಗಿಯಲ್ಲಿ ಬರುವ ದೃಶ್ಯ. ಕಾದಂಬರಿಯಲ್ಲಿ ಆ ದೃಶ್ಯವೇ ಇಲ್ಲ! ಅಲ್ಲಿ ಮೂಲದಲ್ಲಿಲ್ಲದ ಸೇರ್ಪಡೆ ಮೂಲದಷ್ಟೇ ಪ್ರಸಿದ್ಧವಾಯಿತು. ಅದೇ ಕಾದಂಬರಿಯನ್ನು ಭಾರತೀಯ ಸಂಸಾರಕ್ಕೆ ಒಗ್ಗಿಸಿ 1980ರ ದಶಕದಲ್ಲಿ ನಮ್ಮ ದೂರದರ್ಶನವೂ 'ತೃಷ್ಣಾ' ಎಂಬ ಹಿಂದಿ ಧಾರಾವಾಹಿಯನ್ನು ತೋರಿಸಿತ್ತು. ನಮ್ಮಲ್ಲಿ ಸೇರ್ಪಡೆಯ ಸ್ಥಾನವನ್ನು ಪಡೆದದ್ದು ಹಾಡು. ಕಾದಂಬರಿಗಾರ್ತಿ ಹತ್ತು ಪುಟಗಳಲ್ಲಿ ಬಿಚ್ಚಿದ ಮನೋವ್ಯಾಪಾರ ಮೂರು ನಾಲ್ಕು ನಿಮಿಷಗಳ ಗೀತೆಯಾಯಿತು. ಚಿತ್ರವನ್ನು ಮರೆತವರೂ ಗೀತೆಯನ್ನು ಮರೆಯಲಿಲ್ಲ. ಇದನ್ನು ನಷ್ಟವೆನ್ನುವವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಓದಲು ಬಾರದವರ ಪಾಲಿಗೆ ಆ ಗೀತೆಯೇ ಕಾದಂಬರಿಯ ಉಳಿದ ಪುಟವಾಗಿತ್ತೆಂಬುದನ್ನು ಅವರು ಗಮನಿಸಿದಂತಿಲ್ಲ.

ಖಾಸಗಿ ವಾಹಿನಿಗಳು ಬಂದ ಮೇಲಿನ ಕಥೆ ಬೇರೆಯೇ ಒಂದು ಲೇಖನವನ್ನು ಬೇಡುತ್ತದೆ. ಎಸ್. ಎಲ್. ಭೈರಪ್ಪನವರ 'ಗೃಹಭಂಗ'ವನ್ನು ಗಿರೀಶ್ ಕಾಸರವಳ್ಳಿಯವರು ಈ ಶತಮಾನದ ಆರಂಭದ ವರ್ಷಗಳಲ್ಲಿ ಕಿರುತೆರೆಗೆ ತಂದರು. ಅದು ಪ್ರಣಯ ಕಾದಂಬರಿಯಲ್ಲವಾದರೂ ವಾರಪತ್ರಿಕೆಯ ಧಾರಾವಾಹಿಯನ್ನು ಕಾದು ಓದುತ್ತಿದ್ದ ಹಳೆಯ ಅಭ್ಯಾಸ ಕಂತುಗಳ ರೂಪದಲ್ಲಿ ಮರಳಿ ಬರಬಹುದೆಂಬುದನ್ನು ತೋರಿಸಿತು. ಈಗ ಪ್ರೇಕ್ಷಕರ ಸಂಖ್ಯೆಯನ್ನು ಯಂತ್ರಗಳು ಎಣಿಸುತ್ತವೆ. ಎಷ್ಟು ಮನೆಗಳಲ್ಲಿ ಪೆಟ್ಟಿಗೆ ಹತ್ತಿತ್ತೆಂಬುದು ಅವುಗಳಿಂದ ತಿಳಿಯುತ್ತದೆ. 'ಆ ಗಂಡನ್ನ ಕೇಳೋರು ಇಲ್ವಾ' ಎಂದವರಾರೆಂಬುದು ತಿಳಿಯುವುದಿಲ್ಲ; ಭರತನು ಗುರುತಿಸಿದ 'ಕಷ್ಟ' ಎಂಬ ಉದ್ಗಾರ ಅವುಗಳ ಕಿವಿಗೆ ಬೀಳದು. ಅದಕ್ಕೆ ಮನೆಮನೆಯ ನೆನಪುಗಳನ್ನೇ ಕೇಳಿ ಬರೆದುಕೊಳ್ಳಬೇಕು. 1981ರಲ್ಲಿ ಮೂವತ್ತು ವರ್ಷದವರಾಗಿದ್ದ ಗೃಹಿಣಿಯರಿಗೆ ಇಂದು ಎಪ್ಪತ್ತು ದಾಟಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ಅಂಥ ಅಜ್ಜಿಯರು ಮನೆಯಲ್ಲಿಯೇ ಇದ್ದಾರೆ. ಪ್ರಬಂಧಕ್ಕೆ ವಿಷಯವಿಲ್ಲವೆಂದು ಹಲುಬುವವರು ಮೊದಲು ಅಡುಗೆಮನೆಗೆ ಹೋಗಿ ಕೇಳಬಹುದು.

ಲೀಲಾವತಿಯವರು 2023ರ ಡಿಸೆಂಬರ್ 8ರಂದು ನಿಧನರಾದರು. ಸಕಲ ಸರ್ಕಾರಿ ಗೌರವಗಳೊಡನೆ ಅವರ ಅಂತ್ಯಕ್ರಿಯೆ ನಡೆದದ್ದು ಸೋಲದೇವನಹಳ್ಳಿಯ ಅವರ ತೋಟದಲ್ಲಿಯೇ. ಈಗ ಅಲ್ಲಿ ಅವರ ಸ್ಮಾರಕವಿದೆ. 'ಕುಲವಧು' ತೆರೆಗೆ ಬಂದು ಅಂದಿಗೆ 60 ವರ್ಷಗಳಾಗಿದ್ದವು.