ಸೀಮೆಬದನೆಯ ಹುಳಿ, ತಿಥಿಯ ಸಾರು

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಮತ್ತು ಚಾಮರಾಜಪೇಟೆಗಳ ಮನೆಯಡುಗೆಯನ್ನು ಕುರಿತು ಬರೆಯುವವರು ಅದನ್ನು ತಲತಲಾಂತರದಿಂದ ಬಂದ ಸಂಪ್ರದಾಯವೆಂದು ಕರೆಯುವುದು ವಾಡಿಕೆಯಾಗಿದ್ದರೂ, ಈ ಬಡಾವಣೆಗಳ ವಯಸ್ಸೇ ಸುಮಾರು ನೂರಮೂವತ್ತು ವರ್ಷವೆಂಬುದನ್ನು ಗಮನಿಸಿದರೆ ಆ ಮಾತನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ. ಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರಲ್ಲಿ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಗಳಿಗೆ ನುಗ್ಗಿದ ಮೇಲೆ ಗಾಳಿಬೆಳಕಿನ ಬಡಾವಣೆಗಳಾಗಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಸುಂಕೇನಹಳ್ಳಿಯ ಬಸವನ ಗುಡಿ, ಮಲ್ಲಪುರದ ಕಾಡುಮಲ್ಲೇಶ್ವರನ ದೇಗುಲ ಇವೆಲ್ಲ ಅದಕ್ಕಿಂತ ಬಹಳ ಹಳೆಯವು ನಿಜ. ಆದರೆ ಅವುಗಳ ಸುತ್ತ ಒಲೆ ಹೂಡಿದ ಸಂಸಾರಗಳಲ್ಲಿ ಹೆಚ್ಚಿನವು ಹೊಸದಾಗಿ ಬಂದು ನೆಲಸಿದವು.

ಹೀಗೆ ಬಂದವರು ಒಂದೇ ಸೀಮೆಯವರಲ್ಲ. ಪೇಟೆಯ ವರ್ತಕರು, ಮೈಸೂರು ಕಡೆಯ ಸರ್ಕಾರಿ ನೌಕರರು, ಹಾಸನದ ಕಡೆಯ ಹೆಬ್ಬಾರ ಅಯ್ಯಂಗಾರರು, ಮನೆಯೊಳಗೆ ತೆಲುಗಾಡುವ ಮುಲಕನಾಡು ಮನೆತನಗಳು, ಉಡುಪಿಯ ಕಡೆಯಿಂದ ಬಂದ ಅಡುಗೆಯವರು ಅಕ್ಕಪಕ್ಕದಲ್ಲಿ ಬದುಕಿದರು. ಒಂದೇ ಅಂಗಳದ ಸುತ್ತ ಸಾಲಾಗಿ ಕಟ್ಟಿದ ಸಣ್ಣ ಬಾಡಿಗೆಮನೆಗಳ ಸಮೂಹವಾದ ವಠಾರದಲ್ಲಂತೂ ಒಬ್ಬರ ಒಗ್ಗರಣೆಯ ಘಾಟು ಇನ್ನೊಬ್ಬರ ಅಡುಗೆಮನೆಗೆ ಹೊಗದೆ ಇರುತ್ತಿರಲಿಲ್ಲ. ಇದರ ಜೊತೆಗೆ, ಬಡಾವಣೆಗಳು ಹಬ್ಬಿಕೊಳ್ಳುವ ಮುನ್ನವೇ ಇದ್ದ ಗುಟ್ಟಹಳ್ಳಿ, ಮಾವಳ್ಳಿಗಳಂಥ ಊರುಗಳ ಒಕ್ಕಲು ಮನೆಗಳಲ್ಲಿ ರಾಗಿಮುದ್ದೆಯೂ, ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ಕಟ್ಟಿನಿಂದ ಮಾಡುವ ಬಸ್ಸಾರೂ ದಿನದ ಊಟವಾಗಿದ್ದವು. ಈ ಎರಡನೆಯ ಅಡುಗೆ ಬಸವನಗುಡಿಯ ಹೆಸರಿನಲ್ಲಿ ಬರುವ ನೆನಪಿನ ಬರಹಗಳಲ್ಲಿ ಅಪರೂಪಕ್ಕೂ ಕಾಣಿಸದಿರುವುದು ಆ ಬರಹಗಳ ಕೊರತೆಯೇ ಹೊರತು ಅಡುಗೆಯದಲ್ಲ.

ಬಡಾವಣೆಯ ಅಡುಗೆ ಎಷ್ಟು ಹೊಸದು ಎಂಬುದಕ್ಕೆ ಸಾಕ್ಷಿಯನ್ನು ಹುಳಿಯ ಪಾತ್ರೆಯಲ್ಲೇ ಹುಡುಕಬಹುದು. ಹುಳಿಯೆಂದರೆ ತೊಗರಿಬೇಳೆ, ತರಕಾರಿ, ಹುಣಸೆರಸ ಮತ್ತು ಹುರಿದು ಕುಟ್ಟಿದ ಪುಡಿಗಳು ಸೇರಿದ ಮಂದವಾದ ವ್ಯಂಜನ. ಬೇಳೆಯ ಕಟ್ಟನ್ನೇ ಆಧರಿಸಿದ ತಿಳಿಯಾದದ್ದು ಸಾರು. ಈ ಭಾಗದ ಮನೆಗಳಲ್ಲಿ ಹುಳಿಗೆ ಬೀಳುವ ತರಕಾರಿಗಳಲ್ಲಿ ಸೀಮೆಬದನೆ, ನವಿಲುಕೋಲು, ಹುರುಳಿಕಾಯಿ, ಗಜ್ಜರಿ, ಆಲೂಗಡ್ಡೆ ಮುಖ್ಯವಾದವು, ಮತ್ತು ಇವುಗಳಲ್ಲಿ ಒಂದೂ ಈ ನೆಲದ ಹಳೆಯ ಬೆಳೆಯಲ್ಲ. ಸೀಮೆಯೆಂಬ ಪದ ಇಲ್ಲಿ ಕಡಲಾಚೆಯದು ಎಂಬ ಅರ್ಥವನ್ನು ಕೊಡುತ್ತದೆ. ಸೀಮೆಎಣ್ಣೆ, ಸೀಮೆಸುಣ್ಣಗಳಲ್ಲಿ ಇರುವುದೂ ಅದೇ ಸೀಮೆ. ಬ್ರಿಟಿಷರ ದಂಡು 1809ರಲ್ಲಿ ಬೆಂಗಳೂರಿಗೆ ಬಂದು ನೆಲಸಿದ ಮೇಲೆ ಯುರೋಪಿನ ತರಕಾರಿಗಳಿಗೆ ಇಲ್ಲಿ ಗಿರಾಕಿ ಹುಟ್ಟಿಕೊಂಡಿತು, ಹಿತವಾದ ಹವೆ ಅವುಗಳಿಗೆ ಒಗ್ಗಿತು, ಲಾಲ್‌ಬಾಗು ಹೊಸ ಸಸ್ಯಗಳನ್ನು ತರಿಸಿ ಪಳಗಿಸುವ ಕೇಂದ್ರವಾಯಿತು. 1874ರಿಂದ 1908ರವರೆಗೆ ಆ ತೋಟದ ಮೇಲ್ವಿಚಾರಕನಾಗಿದ್ದ ಜಾನ್ ಕೆಮರಾನನ ಕಾಲದಲ್ಲಿ ಸೀಮೆಬದನೆ ಇಲ್ಲಿ ಬೇರೂರಿತೆಂದು ಹೇಳುತ್ತಾರೆ. ಕನ್ನಡಿಗರು ಪರದೇಶದ್ದೆಂದು ಗುರುತಿಸಿದ ಈ ಕಾಯಿಯನ್ನು ತಮಿಳರು ಬೆಂಗಳೂರು ಕತ್ತರಿಕಾಯಿ ಎಂದೂ ತೆಲುಗರು ಬೆಂಗಳೂರು ವಂಕಾಯ ಎಂದೂ ಕರೆದದ್ದು ಸ್ವಾರಸ್ಯಕರವಾಗಿದೆ: ಬೆಂಗಳೂರಿಗೆ ಅದು ಸೀಮೆಯದು, ನೆರೆಯವರಿಗೆ ಬೆಂಗಳೂರಿನದು. ಹುರುಳಿಕಾಯಿಯಾದರೋ ಹೊಲದ ಹುರುಳಿಯ ಹೆಸರನ್ನೇ ಹೊದ್ದುಕೊಂಡು ತನ್ನ ಪರದೇಶಿತನವನ್ನು ಪೂರ್ತಿಯಾಗಿ ಮರೆಸಿತು.

ಮೆಣಸಿನಕಾಯಿಯ ಕಥೆ ಇದಕ್ಕಿಂತ ಆಳವಾದದ್ದು. ಎರಡನೆಯ ಚಾವುಂಡರಾಯನು 1025ರಲ್ಲಿ ರಚಿಸಿದ ಲೋಕೋಪಕಾರದಲ್ಲಿ ಅಡುಗೆಗೆ ಮೀಸಲಾದ ಭಾಗವೊಂದಿದೆ, ಮೂರನೆಯ ಮಂಗರಸನ ಸೂಪಶಾಸ್ತ್ರ ಹದಿನಾರನೆಯ ಶತಮಾನದ ಆರಂಭದ ಪಾಕಗ್ರಂಥ. ಇವೆರಡರಲ್ಲೂ ಖಾರಕ್ಕೆ ಬಳಕೆಯಾದದ್ದು ಮೆಣಸು, ಅಂದರೆ ಇಂದು ಕಾಳುಮೆಣಸೆಂದು ಬಿಡಿಸಿ ಹೇಳಬೇಕಾಗಿರುವ ಮಲೆನಾಡಿನ ಬಳ್ಳಿಯ ಕಾಳು. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗುಗಳ ಮೂಲಕ ಬಂದ ಹೊಸ ಕಾಯಿಗೆ ಕನ್ನಡವು ಬೇರೆ ಹೆಸರು ಹುಡುಕದೆ, ಮೆಣಸಿನಂತೆ ಖಾರವಾದ ಕಾಯಿ ಎಂದುಕೊಂಡು ಮೆಣಸಿನಕಾಯಿ ಎಂದಿತು. ಕ್ರಮೇಣ ಕಾಯಿಯು ಕಾಳಿನ ಸ್ಥಾನವನ್ನೂ ಹೆಸರನ್ನೂ ಕಿತ್ತುಕೊಂಡಿತು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವಿಲ್ಲದ ಸಾರಿನ ಪುಡಿಯನ್ನು ಇಂದಿನ ಬಸವನಗುಡಿಯ ಗೃಹಿಣಿಯೊಬ್ಬಳು ಒಪ್ಪಲಾರಳು, ಆದರೆ ಮಂಗರಸನ ಅಡುಗೆಮನೆಯಲ್ಲಿ ಸಾರು ಕೆಂಪಾಗಿರಲು ಕಾರಣವೇ ಇರಲಿಲ್ಲ.

ಆ ಕೆಂಪಿಲ್ಲದ ಸಾರು ಪೂರ್ತಿಯಾಗಿ ಅಳಿದಿಲ್ಲ. ಗತಿಸಿದ ಹಿರಿಯರಿಗಾಗಿ ವರ್ಷಕ್ಕೊಮ್ಮೆ ನಡೆಸುವ ಶ್ರಾದ್ಧವನ್ನು ಆಡುಮಾತಿನಲ್ಲಿ ತಿಥಿಯೆನ್ನುತ್ತಾರೆ, ಮತ್ತು ಈ ಬಡಾವಣೆಗಳ ಬ್ರಾಹ್ಮಣ ಮನೆಗಳಲ್ಲಿ ಆ ದಿನದ ಅಡುಗೆಗೆ ಬೇರೆಯೇ ಕಟ್ಟುಪಾಡುಗಳಿವೆ. ಮನೆತನದಿಂದ ಮನೆತನಕ್ಕೆ ವಿವರಗಳು ಬದಲಾದರೂ ಸಾಮಾನ್ಯವಾಗಿ ಆಲೂಗಡ್ಡೆ, ಟೊಮೆಟೊ, ಕೋಸು, ಗಜ್ಜರಿ, ಹುರುಳಿಕಾಯಿಗಳಿಗೆ ಪ್ರವೇಶವಿಲ್ಲ. ಮೆಣಸಿನಕಾಯಿಯ ಬದಲು ಕಾಳುಮೆಣಸು ಜೀರಿಗೆಗಳು ಸಾರಿಗೆ ಖಾರ ಕೊಡುತ್ತವೆ. ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿಗಳ ಪಲ್ಯ, ಉದ್ದಿನ ವಡೆ, ಎಳ್ಳುಂಡೆ, ಅತಿರಸಗಳು ಎಲೆಗೆ ಬರುತ್ತವೆ. ಶಾಸ್ತ್ರವು ಇದಕ್ಕೆ ಶುದ್ಧಿಯ ಕಾರಣಗಳನ್ನು ಹೇಳುತ್ತದೆಯಾದರೂ, ಚರಿತ್ರೆಯ ದೃಷ್ಟಿಯಿಂದ ನೋಡಿದಾಗ ನಿಷೇಧದ ಈ ಪಟ್ಟಿಯು ಬಹುಮಟ್ಟಿಗೆ ಹೊರಗಿನಿಂದ ಬಂದ ತರಕಾರಿಗಳ ಪಟ್ಟಿಯೇ ಆಗಿದೆ. ಹಿರಿಯರು ಉಣ್ಣದೆ ಇದ್ದದ್ದನ್ನು ಹಿರಿಯರಿಗೆ ಬಡಿಸುವುದಿಲ್ಲವೆಂಬ ಹಟದಿಂದಾಗಿ, ಬೇರೆಡೆ ಗ್ರಂಥಗಳಲ್ಲಿ ಮಾತ್ರ ಉಳಿಯಬಹುದಾಗಿದ್ದ ಅಡುಗೆಯೊಂದು ವರ್ಷಕ್ಕೊಂದು ದಿನ ಒಲೆಯ ಮೇಲೆ ಬೇಯುತ್ತಾ ಬಂದಿದೆ. ಹಬ್ಬದೂಟವನ್ನು ಸಂಪ್ರದಾಯದ ಕನ್ನಡಿಯೆಂದು ಕೊಂಡಾಡುವವರು ತಿಥಿಯೂಟದ ಎಲೆಯನ್ನು ನೋಡಿದ್ದರೆ ಹೆಚ್ಚು ಕಲಿಯಬಹುದಿತ್ತು.

ದಿನದ ಅಡುಗೆ ಮಾತ್ರ ಕಾಲದ ಒತ್ತಡಕ್ಕೆ ಮಣಿಯುತ್ತಲೇ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತಾಗ ಅನ್ನವುಣ್ಣುವ ಮನೆಗಳಿಗೆ ಗೋಧಿ ಅನಿವಾರ್ಯವಾಗಿ ಬಂತು. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮಿನವರು ಇದೇ ಕೊರತೆಯ ದಿನಗಳಲ್ಲಿ ರವೆ ಇಡ್ಲಿಯನ್ನು ರೂಪಿಸಿದುದಾಗಿ ಹೇಳಿಕೊಳ್ಳುತ್ತಾರೆ. ಹೋಟೆಲಿನಲ್ಲಿ ಹುಟ್ಟಿ ಮನೆಗೆ ಬಂದ ತಿಂಡಿಗೆ ಇದೊಂದು ಮಾದರಿ.

ಪುಡಿಗಳ ಚರಿತ್ರೆ ಮನೆಯಿಂದ ಅಂಗಡಿಗೆ ನಡೆದದ್ದು. ಬೇಸಿಗೆಯ ಬಿಸಿಲಿನಲ್ಲಿ ಕೊತ್ತಂಬರಿಬೀಜ, ಮೆಣಸಿನಕಾಯಿಗಳನ್ನು ಒಣಗಿಸಿ, ಮೆಂತ್ಯ, ಜೀರಿಗೆ, ಇಂಗುಗಳೊಡನೆ ಹುರಿದು, ಒರಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟಿ, ವರ್ಷಕ್ಕಾಗುವಷ್ಟನ್ನು ಭರಣಿಗೆ ತುಂಬುವುದು, ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆಗಳನ್ನು ಹರವಿ ಕಾಗೆ ಕಾಯಲು ಮಕ್ಕಳನ್ನು ಕೂರಿಸುವುದು ನೆನಪಿನ ಬರಹಗಳಿಗೆ ಬಹಳ ಪ್ರಿಯವಾದ ಚಿತ್ರ. ಆ ಚಿತ್ರದಲ್ಲಿ ಕುಟ್ಟಿದವರ ಮುಖ ಸ್ಪಷ್ಟವಾಗಿ ಕಾಣುವುದಿಲ್ಲ. ಅಜ್ಜಿಯ ಕೈರುಚಿಯೆಂದು ಹೊಗಳಲ್ಪಡುವ ಪುಡಿಗಳಲ್ಲಿ ಎಷ್ಟೋ, ಕೂಲಿಗೆ ಅಥವಾ ಎರಡು ಹೊತ್ತಿನ ಊಟಕ್ಕೆ ಮನೆಮನೆ ತಿರುಗಿ ದುಡಿದ ವಿಧವೆಯರ ತೋಳಿನ ಬಲದಿಂದ ಆದವು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಹಪ್ಪಳ ಮಾರಿ ಬದುಕು ಕಟ್ಟಿಕೊಂಡ ಸುಬ್ಬಮ್ಮ ಎಂಬವರು 1948ರಲ್ಲಿ ಗಾಂಧಿಬಜಾರಿನಲ್ಲಿ ತೆರೆದ ಅಂಗಡಿ ಇಂದಿಗೂ ಅವರ ಹೆಸರಿನಿಂದಲೇ ಗುರುತಾಗುತ್ತಿರುವುದು ಈ ಮರೆವಿನ ನಡುವೆ ಉಳಿದಿರುವ ಒಂದು ಅಪವಾದ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ನಗರಕ್ಕೆ ಬಂದ ಮೇಲೆ ನಿಧಾನವಾಗಿ ಹಿಟ್ಟಿನ ಗಿರಣಿಗಳು ಒನಕೆಯ ಕೆಲಸವನ್ನು ವಹಿಸಿಕೊಂಡವು. 1970ರ ದಶಕದ ತುರ್ತು ಪರಿಸ್ಥಿತಿಯ ಕಾಲದ ಬೆಲೆ ನಿಯಂತ್ರಣಕ್ಕೆ ಸಿಕ್ಕಿ ಹೋಟೆಲನ್ನು ಮುಚ್ಚಬೇಕಾಗಿ ಬಂದ ಮಾವಳ್ಳಿ ಟಿಫಿನ್ ರೂಮಿನವರು ಪೊಟ್ಟಣದ ಪುಡಿ, ಮಿಶ್ರಣಗಳ ವ್ಯಾಪಾರದತ್ತ ಹೊರಳಿದರು, ಮತ್ತು ಆ ಪೊಟ್ಟಣಗಳು ಬಡಾವಣೆ ಬಿಟ್ಟು ಹೊರದೇಶಕ್ಕೆ ಹೋದವರ ಪೆಟ್ಟಿಗೆಗಳಲ್ಲೂ ಸೇರಿಕೊಂಡವು.

ಈಗ ತಿಥಿಯ ಅಡುಗೆಯೂ ಮನೆಯಿಂದ ಹೊರಟಿದೆ. ಮಡಿಯಲ್ಲಿ, ಅಂದರೆ ಸ್ನಾನ ಮಾಡಿ ಬೇರೆಯಾಗಿ ಒಣಹಾಕಿದ ಬಟ್ಟೆಯುಟ್ಟು ಯಾರನ್ನೂ ಮುಟ್ಟದೆ, ಬೆಳಗಿನಿಂದ ಮಧ್ಯಾಹ್ನದವರೆಗೆ ಅಡುಗೆ ಮಾಡುವವರು ಸಣ್ಣ ಫ್ಲಾಟುಗಳಲ್ಲಿ ಸಿಗುವುದು ಕಷ್ಟವಾದ್ದರಿಂದ ಎಷ್ಟೋ ಕುಟುಂಬಗಳು ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಮಠಗಳಲ್ಲಿ ಮುಂಚಿತವಾಗಿ ಹಣ ಕಟ್ಟಿ ಕರ್ಮ ಮುಗಿಸಿಕೊಳ್ಳುತ್ತವೆ. ಒಲೆ ಗ್ಯಾಸಿನದು, ರುಬ್ಬುವುದು ವಿದ್ಯುತ್ ಯಂತ್ರ, ಅಡುಗೆಯವರು ಸಂಬಳದವರು. ಸಾರಿಗೆ ಮಾತ್ರ ಅಲ್ಲಿಯೂ ಕಾಳುಮೆಣಸನ್ನೇ ಹಾಕುತ್ತಾರೆ.