ಐದು ಬಿಳಿ ಹಾಯಿ, ವಾಪಸ್ ಹೋದ ಒಂದು ಹಡಗು

ಇವತ್ತಿನ ಎಪಿಸೋಡ್ ಕೆನಡಾದ ವ್ಯಾಂಕೂವರ್ ಬಗ್ಗೆ. ಆ ಊರಿನ ಫೋಟೊ ನೋಡಿದ್ದರೆ, ನೀರಿನ ಅಂಚಲ್ಲಿ ಐದು ಬಿಳಿ ಹಾಯಿ ಹೊತ್ತು ಹಡಗಿನಂತೆ ನಿಂತಿರೋ ಕಟ್ಟಡ ನಿಮ್ಮ ಕಣ್ಣಿಗೆ ಬಿದ್ದಿರುತ್ತೆ. ಅದೇ ಕೆನಡಾ ಪ್ಲೇಸ್. ವ್ಯಾಂಕೂವರ್ ಕನ್ವೆನ್ಷನ್ ಸೆಂಟರ್‌ನ ಪೂರ್ವ ಕಟ್ಟಡ ಇರೋದು ಅಲ್ಲೇ. ಅಲಾಸ್ಕಾಗೆ ಹೋಗೋ ಕ್ರೂಸ್ ಹಡಗುಗಳು ಅದರ ಪಕ್ಕಕ್ಕೇ ಬಂದು ನಿಲ್ತವೆ.

ಮೊದಲು ಜಾಗದ ಕತೆ ಕೇಳಿ. 1927ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲ್ವೆ ಕಂಪನಿ ಏಷ್ಯಾ ಕಡೆಯ ಹಡಗುಗಳಿಗಾಗಿ ಇಲ್ಲಿ ಒಂದು ಧಕ್ಕೆ ಕಟ್ಟಿಸಿತ್ತು. ಅದೇ ಧಕ್ಕೆಯ ಮೇಲೆ 1986ರ ಎಕ್ಸ್‌ಪೋಗೆ ಕೆನಡಾ ಸರ್ಕಾರದ ಪೆವಿಲಿಯನ್ ಎದ್ದಿತು. ಎಕ್ಸ್‌ಪೋ ನಡೆದದ್ದು ಐದೂವರೆ ತಿಂಗಳು, ಭೇಟಿಗಳ ಲೆಕ್ಕ ಸುಮಾರು 2.2 ಕೋಟಿ. ಮರುವರ್ಷ ಪೆವಿಲಿಯನ್ ಕನ್ವೆನ್ಷನ್ ಸೆಂಟರ್ ಆಯ್ತು.

2009ರಲ್ಲಿ ಪಶ್ಚಿಮ ಕಟ್ಟಡ ಬಂತು. ಅದರ ಚಾವಣಿ ಮೇಲೆ ಆರು ಎಕರೆ ಹಸಿರು, ಸುಮಾರು 4 ಲಕ್ಷ ಗಿಡ, ಜೇನುಪೆಟ್ಟಿಗೆಗಳೂ ಇವೆ. ನಾನು ಕಾಮರ್ಸ್ ಓದಿದವನು, ದುಡ್ಡಿನ ಮಾತು ಬಿಡೋಕಾಗಲ್ಲ: ಶುರುವಲ್ಲಿ ಅಂದಾಜು 49.5 ಕೋಟಿ ಡಾಲರ್, ಮುಗಿಯೋ ಹೊತ್ತಿಗೆ ಸುಮಾರು 88 ಕೋಟಿ! 2010ರ ಚಳಿಗಾಲದ ಒಲಿಂಪಿಕ್ಸ್‌ಗೆ ಟಿವಿ ಪ್ರಸಾರದ ಕೇಂದ್ರ ಇದೇ ಆಗಿತ್ತು. ಒಲಿಂಪಿಕ್ ಜ್ಯೋತಿ ಉರಿದ ಕುಂಡ ಈಗಲೂ ಹೊರಗಡೆ ನಿಂತಿದೆ, ಅದರ ಹತ್ತಿರವೇ ಚೌಕ ಚೌಕ ಪಿಕ್ಸೆಲ್‌ನಂತೆ ಮಾಡಿದ ತಿಮಿಂಗಿಲದ ಶಿಲ್ಪ. ಮಧ್ಯಾಹ್ನ ಹನ್ನೆರಡಕ್ಕೆ ಕೆನಡಾ ಪ್ಲೇಸ್‌ನ ಹಾರ್ನ್‌ಗಳು ರಾಷ್ಟ್ರಗೀತೆಯ ಮೊದಲ ನಾಲ್ಕು ಸ್ವರ ಊದ್ತವೆ. ನೀರಿನ ದಂಡೆ ಹಿಡಿದು ನಡೆದರೆ ಸ್ಟಾನ್ಲಿ ಪಾರ್ಕ್. ಒಂದು ದಿನದ ಪ್ರವಾಸಕ್ಕೆ ಇನ್ನೇನು ಬೇಕು, ಅಲ್ವಾ?

ಆದರೆ ಆ ದಾರಿಯಲ್ಲಿ, ಪಶ್ಚಿಮ ಕಟ್ಟಡ ದಾಟಿ ಸ್ವಲ್ಪವೇ ದೂರದಲ್ಲಿ ಒಂದು ಸ್ಮಾರಕ ಇದೆ. ಅದರಲ್ಲಿ ಇರೋದು ಪಂಜಾಬಿನಿಂದ ಬಂದವರ ಹೆಸರುಗಳು. ಕೊಮಾಗಾಟಾ ಮಾರು ಹಡಗಿನ ಪ್ರಯಾಣಿಕರು.

1914ರ ಏಪ್ರಿಲ್‌ನಲ್ಲಿ ಗುರ್ದಿತ್ ಸಿಂಗ್ ಅನ್ನೋರು ಈ ಜಪಾನಿ ಹಡಗನ್ನ ಬಾಡಿಗೆಗೆ ಹಿಡಿದು ಹಾಂಗ್‌ಕಾಂಗ್‌ನಿಂದ ಹೊರಟರು. ದಾರಿಯಲ್ಲಿ ಶಾಂಘೈ, ಜಪಾನ್‌ನಲ್ಲೂ ಜನ ಹತ್ತಿದರು. ಒಟ್ಟು 376 ಮಂದಿ: 340 ಸಿಖ್ಖರು, 24 ಮುಸ್ಲಿಮರು, 12 ಹಿಂದೂಗಳು. ಎಲ್ಲರೂ ಬ್ರಿಟಿಷ್ ಪ್ರಜೆಗಳು. ಕೆನಡಾನೂ ಬ್ರಿಟಿಷ್ ಸಾಮ್ರಾಜ್ಯದ್ದೇ, ಹಾಗಾಗಿ ಅಲ್ಲಿಗೆ ಹೋಗೋ ಹಕ್ಕು ನಮಗಿದೆ ಅನ್ನೋದು ಅವರ ವಾದ.

ಮೇ 23ಕ್ಕೆ ಹಡಗು ವ್ಯಾಂಕೂವರ್ ತಲುಪಿತು. ಇಳಿಯೋಕೆ ಬಿಡಲಿಲ್ಲ.

ಕಾರಣ 1908ರ ಒಂದು ನಿಯಮ. ವಲಸೆ ಬರೋರು ತಮ್ಮ ದೇಶದಿಂದ ಎಲ್ಲೂ ಬದಲಿಸದೆ ಒಂದೇ ಟಿಕೆಟ್‌ನಲ್ಲಿ ನೇರವಾಗಿ ಬರಬೇಕು. ಇದರಲ್ಲಿ ಭಾರತದ ಹೆಸರೇ ಇಲ್ಲ. ಆದರೆ ಭಾರತದಿಂದ ಹಾಗೆ ನೇರವಾಗಿ ಬರೋ ಟಿಕೆಟ್ ಸಿಗದ ಹಾಗೆ ನೋಡಿಕೊಂಡರು. ಬಾಗಿಲು ತೆರೆದಿದೆ ಅಂತ ಹೇಳಿ ಮೆಟ್ಟಿಲು ತೆಗೆದ ಹಾಗೆ! ಇದರ ಮೇಲೆ, ಏಷ್ಯಾದವರ ಕೈಯಲ್ಲಿ ತಲಾ 200 ಡಾಲರ್ ಇರಬೇಕು ಅನ್ನೋ ಷರತ್ತು ಬೇರೆ. ಹಿಂದಿನ ವರ್ಷ, 1913ರಲ್ಲಿ, ಇದೇ ದೇಶ 4 ಲಕ್ಷ ವಲಸಿಗರನ್ನ ಒಳಗೆ ಬಿಟ್ಟುಕೊಂಡಿತ್ತು. ಜಾಗದ ಕೊರತೆ ಇರಲಿಲ್ಲ.

ಎರಡು ತಿಂಗಳು ಹಡಗು ದಡಕ್ಕೆ ಕಾಣೋ ಹಾಗೇ ಲಂಗರು ಹಾಕಿ ನಿಂತಿತು. ಅನ್ನ ನೀರಿಗೆ ತತ್ವಾರ. ಊರಲ್ಲಿದ್ದ ಭಾರತೀಯರು ಸುಮಾರು 22,000 ಡಾಲರ್ ಒಟ್ಟುಮಾಡಿ ಬಾಡಿಗೆ ಕಂತು ಕಟ್ಟಿದರು, ಕೋರ್ಟಿಗೂ ಹೋದರು, ಸೋತರು. ಜುಲೈನಲ್ಲಿ ಒಂದು ರಾತ್ರಿ ಪೊಲೀಸರು ಟಗ್ ದೋಣಿಯಲ್ಲಿ ಬಂದು ಹಡಗು ಹತ್ತೋಕೆ ನೋಡಿದಾಗ ಪ್ರಯಾಣಿಕರು ಕಲ್ಲಿದ್ದಲು ಎಸೆದು ಓಡಿಸಿದರು. ಆಮೇಲೆ ಬಂದದ್ದು ನೌಕಾಪಡೆಯ ರೇನ್‌ಬೋ ಅನ್ನೋ ಯುದ್ಧನೌಕೆ. ಅದನ್ನ ನೋಡೋಕೆ ದಡದಲ್ಲಿ ಜನಜಾತ್ರೆ. ಅಂದರೆ ಇವತ್ತಿನ ಈ ಪ್ರೇಕ್ಷಣೀಯ ದಂಡೆಯಲ್ಲಿ ಅವತ್ತು ಹಸಿದವರ ಹಡಗೇ ಪ್ರೇಕ್ಷಣೀಯವಾಗಿತ್ತು.

ಇಳಿಯೋಕೆ ಬಿಟ್ಟದ್ದು ಬರೀ 24 ಮಂದಿಯನ್ನ. ಉಳಿದವರನ್ನ ಹೊತ್ತು ಜುಲೈ 23ಕ್ಕೆ ಹಡಗು ವಾಪಸ್ ಹೊರಟಿತು. ಸೆಪ್ಟೆಂಬರ್ ಕೊನೆಗೆ ಕಲ್ಕತ್ತಾ ಹತ್ತಿರದ ಬಜ್ ಬಜ್‌ನಲ್ಲಿ ಇಳಿದವರನ್ನ ಬ್ರಿಟಿಷರು ಬಲವಂತವಾಗಿ ರೈಲಿನಲ್ಲಿ ಪಂಜಾಬಿಗೆ ಕಳಿಸೋಕೆ ನೋಡಿದರು. ಒಪ್ಪದವರ ಮೇಲೆ ಗುಂಡು ಹಾರಿತು. ಸುಮಾರು 20 ಪ್ರಯಾಣಿಕರು ಸತ್ತರು. ಕೆನಡಾದಲ್ಲಿ ಬೇಡದವರು, ತಮ್ಮ ನೆಲದಲ್ಲೂ ಕ್ಷೇಮವಾಗಿ ಮನೆ ಸೇರಲಿಲ್ಲ.

ಸ್ಮಾರಕ ಅನಾವರಣ ಆದದ್ದು 2012ರ ಜುಲೈ 23ಕ್ಕೆ, ಹಡಗು ಹೊರಟ ಅದೇ ದಿನಾಂಕ. 2016ರ ಮೇನಲ್ಲಿ ಪ್ರಧಾನಿ ಜಸ್ಟಿನ್ ಟ್ರೂಡೊ ಸಂಸತ್ತಿನಲ್ಲೇ ಕ್ಷಮೆ ಕೇಳಿದರು. ಹಡಗು ಬಂದು 102 ವರ್ಷ ಆಗಿತ್ತು. 2021ರಲ್ಲಿ ನಗರಾಡಳಿತ ಕ್ಷಮೆ ಕೇಳಿತು, ಅದೇ ವರ್ಷ ಯಾರೋ ಸ್ಮಾರಕಕ್ಕೆ ಬಣ್ಣ ಬಳಿದೂ ಹೋದರು. ಕತೆ ಪೂರ್ತಿ ಹಳತಾಗಿಲ್ಲ ಅನ್ನೋಕೆ ಇಷ್ಟು ಸಾಕು.

ಬಂದರು ಎಲ್ಲರಿಗೂ ಒಂದೇ ಅಂತ ಕಾಣುತ್ತೆ. ಆದರೆ ಬಂದವರಲ್ಲಿ ಯಾರು ಅತಿಥಿ, ಯಾರು ಬೇಡದವರು ಅಂತ ತೀರ್ಮಾನ ಮಾಡೋದು ನೀರಲ್ಲ, ಕಾಗದ. ವೀಸಾ, ಕೋಟಾ, ಬ್ಯಾಂಕ್ ಬ್ಯಾಲೆನ್ಸ್‌ನ ನಿಯಮಗಳನ್ನ ಓದುವಾಗ ಅದರಲ್ಲಿ ಏನು ಬರೆದಿದೆ ಅನ್ನೋದರ ಜೊತೆ, ಅದರಿಂದ ಯಾರು ಹೊರಗೆ ಉಳೀತಾರೆ ಅಂತಲೂ ಕೇಳಿಕೊಳ್ಳಿ. ನಿಮ್ಮವರು ಯಾರಾದರೂ ವ್ಯಾಂಕೂವರ್‌ನಲ್ಲಿ ಇದ್ದರೆ ಈ ಎಪಿಸೋಡ್ ಕಳಿಸಿ. ಬಿಳಿ ಹಾಯಿಗಳ ಮುಂದೆ ಸೆಲ್ಫಿ ಆದಮೇಲೆ ಇನ್ನೊಂದು ಸ್ವಲ್ಪ ಮುಂದೆ ನಡೆದು ಆ ಹೆಸರುಗಳನ್ನೂ ಓದಲಿ.

ಮತ್ತೆ ಸಿಗೋಣ.